ಸೆವೆನ್ ನೈಂಟಿ ಫೈವ್, ಚಂದ್ರಗಿರಿ, ರೋಬಸ್ಟಾ: ಮಳೆ ಕಮ್ಮಿ ಇರುವ ಕಾಫಿ ತೋಟದಲ್ಲಿ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಅರೇಬಿಕಾ ತಳಿ ಸೆವೆನ್ ನೈಂಟಿ ಫೈವ್‌ಗೆ. ಒಂದು ಎಕರೆ ರೋಬಸ್ಟಾ ಹಾಕಿ ಕೈ ಸುಟ್ಟುಕೊಂಡವನ ಮಾತು ಇದು.

ನಮ್ಮದು ಬೇಲೂರಿನ ಮೂಡಣ ಅಂಚು, ಅರೆಮಲೆನಾಡು. ಸಕಲೇಶಪುರದಲ್ಲಿ ಜಡಿಮಳೆ ಹಿಡಿದ ದಿನ ನಮ್ಮಲ್ಲಿ ಮೋಡ ಮತ್ತು ಗಾಳಿ ಅಷ್ಟೇ. ಬೇಲಿಯ ಈಚೆ ಕಾಫಿ, ಆಚೆ ಜೋಳ. 40 ಇಂಚು ಮಳೆ ಬಂದರೆ ಆ ವರ್ಷ ಜೋರು ಅಂತಲೇ ಲೆಕ್ಕ.

2019ರಲ್ಲಿ ಬೋರರ್ (ಅರೇಬಿಕಾ ಕಾಂಡ ಕೊರೆಯುವ ಹುಳ) ಕಾಟಕ್ಕೆ ಬೇಸತ್ತು ಸಿ ಇಂಟು ಆರ್ ಅನ್ನೋ ರೋಬಸ್ಟಾ ತಳಿಯ ಗಿಡ ತಂದೆ. ರೋಬಸ್ಟಾಗೆ ಬೋರರ್ ಬರಲ್ಲ, ಆಳು ಕಮ್ಮಿ ಸಾಕು. ಎರಡೂ ನಿಜ. ನೀರಿನ ಲೆಕ್ಕ ಮಾತ್ರ ನಾನು ಹಾಕಿರಲಿಲ್ಲ.

ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1 ಲಕ್ಷ ಲೀಟರ್. ಹೂವಿಗೆ ಒಂದೂವರೆ ಇಂಚು ಬೇಕು, ಇಪ್ಪತ್ತು ದಿನ ಬಿಟ್ಟು ಬ್ಯಾಕಿಂಗ್‌ಗೆ, ಅಂದರೆ ಕಾಯಿ ನಿಲ್ಲಲು, ಇನ್ನೊಂದು ಇಂಚು. ನಮ್ಮ ಹೊಂಡ ಫೆಬ್ರವರಿಗೇ ಕೆಸರಾಗಿರುತ್ತದೆ. ಬಾಡಿಗೆಗೆ ಪಂಪು, ಪೈಪು, ನೀರು ಚಿಮ್ಮಿಸುವ ಜೆಟ್ ತಂದರೂ ಹೊಡೆಯೋದು ಏನನ್ನ?

ಮೊದಲ ದೊಡ್ಡ ಫಸಲಿನ ವರ್ಷ ಗೆಣ್ಣು ಗೆಣ್ಣಿಗೂ ಮೊಗ್ಗು ಕಟ್ಟಿತ್ತು. ಒಂದು ಸಂಜೆ ಗುಡುಗಿ ಇಪ್ಪತ್ತು ಸೆಂಟ್, ಅಂದರೆ ಇಂಚಿನ ಐದನೇ ಒಂದು ಭಾಗ, ಮಳೆ ಬಂತು. ಮನೆಯವರೆಲ್ಲ ಖುಷಿಪಟ್ಟೆವು. ವಾರ ಕಳೆದು ನೋಡಿದರೆ ಹೂ ಬೆಳ್ಳಗೆ ಅರಳಲೇ ಇಲ್ಲ. ನಕ್ಷತ್ರದ ಹಾಗೆ ಗಿಡ್ಡಕ್ಕೆ ಬಿರಿದು, ಗುಲಾಬಿ ಬಣ್ಣಕ್ಕೆ ತಿರುಗಿ ನಿಂತಿತ್ತು. ಕೈಯಲ್ಲಿ ಉಜ್ಜಿದರೆ ಪುಡಿ. ಆ ಇಪ್ಪತ್ತು ಸೆಂಟ್ ಬರದೇ ಇದ್ದಿದ್ದರೆ ಮೊಗ್ಗು ಇನ್ನಷ್ಟು ದಿನ ಕಾಯುತ್ತಿತ್ತೋ ಏನೋ. ಅರೆಮಳೆ ಎಬ್ಬಿಸಿ ಕೊಂದಿತು. ಆ ಸಲ ಎಕರೆಗೆ ಸಿಕ್ಕಿದ್ದು ಮೂರು ಮೂಟೆ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು)!

ಪಕ್ಕದ ತಾಕಿನ ಸೆವೆನ್ ನೈಂಟಿ ಫೈವ್ ಏಪ್ರಿಲ್ ಮಳೆಗೆ ಹೂ ಬಿಟ್ಟು, ಸುಮ್ನೆ ಕಾಯಿ ಕಚ್ಚಿತು. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಹೂ ಅರಳಿದ ದಿನ ಮಳೆ ಹೊಡೆದರೆ ಅದೂ ಹೋಯಿತು.

ಚಂದ್ರಗಿರಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ 2007ರಲ್ಲಿ ಬಂದ ಅರೇಬಿಕಾ ತಳಿ. ಗಿಡ ಗಿಡ್ಡ, ಎಲೆ ದಟ್ಟ, ಕುಯ್ಲು ಸಲೀಸು. ಎಲೆ ತುಕ್ಕು ರೋಗ ನನ್ನಲ್ಲಿ ಕಂಡಿಲ್ಲ. ಆದರೆ ಮೈತುಂಬ ಕಾಯಿ ಹೊತ್ತ ಮರುವರ್ಷ ತುದಿ ಒಣಗುತ್ತದೆ. ಗೊಬ್ಬರ ಕೈಬಿಚ್ಚಿ ಹಾಕುವವರಿಗೆ ಸರಿ, ನಾನು ಆ ಪೈಕಿ ಅಲ್ಲ.

ಸೆವೆನ್ ನೈಂಟಿ ಫೈವ್‌ಗೆ ಬೋರರ್ ಬರುತ್ತೆ, ಇಲ್ಲ ಅನ್ನಲ್ಲ. ಮಾರ್ಚ್, ಸೆಪ್ಟೆಂಬರ್‌ನಲ್ಲಿ ಕಾಂಡ ನೋಡುತ್ತಾ ಹೋಗಬೇಕು. ಉಬ್ಬಿದ ಗೆರೆ ಕಂಡರೆ ಗಿಡ ಕಿತ್ತು ಸುಡಬೇಕು. ನಾನಂತೂ ದಿನಾ ಬೆಳಿಗ್ಗೆ ತೋಟ ಸುತ್ತುವವನು, ಹಾಗಾಗಿ ಇದು ನನಗೆ ಖರ್ಚಿಲ್ಲದ ಕೆಲಸ. ನೆರಳನ್ನೂ ಜಾಸ್ತಿ ಕಡಿಸಲ್ಲ, ಬಿಸಿಲು ಬಿದ್ದ ಕಾಂಡಕ್ಕೇ ಆ ಹುಳ ಹೋಗುವುದು.

ರೋಬಸ್ಟಾ ರೇಟು ಏರಿದಾಗ ಷಡ್ಡಕ ರೇಗಿಸಿದ, ‘ಭಾವ, ಕಿತ್ತುಬಿಡ್ತೀನಿ ಅಂತಿದ್ರಲ್ವಾ?’ ಅವನ ತೋಟದಲ್ಲಿ ವರ್ಷಪೂರ್ತಿ ಹರಿಯೋ ಹಳ್ಳ ಇದೆ. ನಾನು ಹೊಂಡದ ಪಕ್ಕದ ಎರಡು ಸಾಲು ಉಳಿಸಿಕೊಂಡೆ. ಉಳಿದ ರೋಬಸ್ಟಾ ಕಿತ್ತ ಗುಂಡಿಗಳಿಗೆ ಈ ಜೂನ್‌ನಲ್ಲಿ ಮತ್ತೆ ಸೆವೆನ್ ನೈಂಟಿ ಫೈವ್ ಇಟ್ಟಾಯಿತು.