ಮನೆಯಂಗಳಕ್ಕೆ ಯಾವ ಚಹಾ ಗಿಡ: ಅಸ್ಸಾಂ ತಳಿಯೋ, ಚೀನಾ ತಳಿಯೋ?

ಎರಡೂ ಕಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಜಾತಿಯ ಗಿಡಗಳು. ಆದರೆ ಸ್ವಭಾವ ಬೇರೆ. ಅಸ್ಸಾಂ ತಳಿಯದು ಅಗಲ ಎಲೆ. ಸವರದೆ ಬಿಟ್ಟರೆ 10 ಮೀಟರ್ ದಾಟಿ ಮರವಾಗುತ್ತದೆ. ಬೆಚ್ಚನೆಯ ತೇವ ಅದಕ್ಕೆ ಇಷ್ಟ. ಚೀನಾ ತಳಿ ಸಣ್ಣೆಲೆಯ ಪೊದೆ, ಚಳಿ ತಾಳುತ್ತದೆ. ಡಾರ್ಜಿಲಿಂಗ್‌ನ ಹಳೆಯ ತೋಟಗಳಲ್ಲಿ ಇದೇ ಹೆಚ್ಚು.

ನಿಮಗೆ ಹಾಲು ಹಾಕಿದ ಖಡಕ್ ಚಹಾ ಬೇಕೆಂದರೆ ಅಸ್ಸಾಂ ತಳಿಯನ್ನೇ ನೆಡಿ. ಒಂದು ಕುಡಿ, ಎರಡು ಎಲೆ ಚಿವುಟಿ ರಾತ್ರಿಯಿಡೀ ಬಾಡಿಸಿ, ಅಂಗೈಯಲ್ಲಿ ಚೆನ್ನಾಗಿ ಹೊಸೆದು, ತಾಮ್ರದ ಬಣ್ಣ ಬರುವವರೆಗೆ ಬಿಟ್ಟು ಒಣಗಿಸಬೇಕು. ಆ ಹೊತ್ತಿಗೆ ಏಳುವ ಪರಿಮಳಕ್ಕಾಗಿಯೇ ಗಿಡ ಸಾಕಬಹುದು! ಹಸಿರು ಚಹಾಕ್ಕೆ ಚೀನಾ ತಳಿ ಮೇಲು, ಕಹಿ ಒಗರು ಕಡಿಮೆ. ಕೆಲಸವೂ ಹಗುರ: ಕೊಯ್ದ ಕೂಡಲೇ ಬಾಣಲೆಯಲ್ಲಿ ಬಾಡಿಸಿ, ಹೊಸೆದು, ಒಣಗಿಸಿದರಾಯಿತು. ಆದರೆ ನೂರು ಗ್ರಾಂ ಹಸಿ ಚಿಗುರಿಗೆ ಸಿಗುವುದು ಇಪ್ಪತ್ತು ಗ್ರಾಂ ಆಸುಪಾಸು. ಒಂದೇ ಗಿಡ ನೆಟ್ಟು ದಿನವೂ ಚಹಾ ನಿರೀಕ್ಷಿಸಬೇಡಿ.

ಮಣ್ಣಿನ ವಿಷಯದಲ್ಲಿ ಇಬ್ಬರದೂ ಒಂದೇ ಹಟ: ಹುಳಿ ಮಣ್ಣು, ಪಿಎಚ್ 4.5ರಿಂದ 5.5. ನೀರು ನಿಲ್ಲಬಾರದು. ಬುಡಕ್ಕೆ ಒಲೆಬೂದಿ, ಸುಣ್ಣ ಬೇಡವೇ ಬೇಡ. ಮಲೆನಾಡು, ಕೊಡಗಿನವರಿಗೆ ಇದು ಕಷ್ಟವಲ್ಲ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲಿ ಚಹಾ ತೋಟವೇ ಇದೆ. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿನವರು ಮಳೆನೀರು ಹಿಡಿದಿಟ್ಟುಕೊಳ್ಳಿ, ಕುಂಡದಲ್ಲಿ ಚೀನಾ ತಳಿ ಬೆಳೆಸಿ, ಮಧ್ಯಾಹ್ನದ ಬಿಸಿಲಿಗೆ ನೆರಳು ಕೊಡಿ. ಸೊಂಟದೆತ್ತರದ ಬೇಲಿಯಾಗಿ ಸವರಲೂ ಅದೇ ಚೆಂದ. ಬಿಳಿ ಹೂವಿಗೆ ಜೇನು ಬರುತ್ತದೆ. ಯಾವುದನ್ನೇ ನೆಟ್ಟರೂ ಮೊದಲ ಮೂರು ವರ್ಷ ಚಿಗುರಿನ ಆಸೆ ಬಿಟ್ಟು ಗಿಡ ಕವಲೊಡೆಯಲು ಬಿಡಿ.