ಹಣ್ಣು ಹುಳುವಿಗೆ ಯಾವ ಚಂದ್ರಿಕೆ: ಬಿದಿರು, ಪ್ಲಾಸ್ಟಿಕ್, ರೋಟರಿ

ರೇಷ್ಮೆಹುಳು ಸೊಪ್ಪು ತಿನ್ನುವುದು ಬಿಟ್ಟು ಗೂಡು ಕಟ್ಟಲು ಸಿದ್ಧವಾದರೆ ಅದು ಹಣ್ಣು ಹುಳು. ಅದು ಗೂಡು ಕಟ್ಟಲೆಂದು ನಾವು ಒದಗಿಸುವ ಸಾಧನವೇ ಚಂದ್ರಿಕೆ. ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಗೂಡು ಬೆಳೆಯುವವರು ರೋಟರಿ ಚಂದ್ರಿಕೆಗೆ ಹಣ ಹಾಕಬಹುದೇ ಎಂದು ಕೇಳಿದರೆ, ಹಾಕಬಹುದು ಎಂದೇ ನನ್ನ ಉತ್ತರ. ಮೂರು ಬಗೆಯ ಚಂದ್ರಿಕೆಗಳನ್ನೂ ಒಂದೇ ಹುಳುಮನೆಯಲ್ಲಿ, ಒಂದೇ ತೋಟದ ವಿ-1 ತಳಿಯ ಹಿಪ್ಪುನೇರಳೆ ಸೊಪ್ಪು ತಿಂದ ಹುಳುಗಳಿಗೆ ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಆದರೆ ರೋಟರಿಯಲ್ಲಿ ಒಂದು ತಾಪತ್ರಯವಿದೆ. ಮಾರುವವರು ಅದನ್ನು ಹೇಳುವುದಿಲ್ಲವಾದ್ದರಿಂದ ಇಲ್ಲಿ ವಿವರವಾಗಿಯೇ ಬರೆಯುತ್ತೇನೆ.

ನಮ್ಮಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿರುವುದು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಬಿದಿರಿನ ಚಂದ್ರಿಕೆ. ಚದರ ಅಡಿಗೆ 40ರಿಂದ 50 ಹುಳು ಬಿಡಬೇಕೆಂಬುದು ಶಿಫಾರಸು. ಅಂದರೆ ಒಂದು ಚಂದ್ರಿಕೆಗೆ ಸುಮಾರು ಸಾವಿರ ಹುಳು. ಎಲ್ಲವೂ ಒಟ್ಟಿಗೆ ಹಣ್ಣಾಗಿ, ಕೂಲಿಯವರು ಸಿಗದೆ, ಸಂಜೆಯಾಗುತ್ತಾ ಬಂದಾಗ ಈ ಲೆಕ್ಕವನ್ನು ಯಾರೂ ಪಾಲಿಸುವುದಿಲ್ಲ. ಹುಳು ದಟ್ಟವಾದರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಅಂಥ ಜೋಡಿಗೂಡಿನ ಎಳೆಗಳು ಒಂದರೊಳಗೊಂದು ಸಿಕ್ಕಿಕೊಳ್ಳುವುದರಿಂದ ನೂಲು ಬಿಚ್ಚುವವರಿಗೆ ಅದು ಬೇಡವಾದ ಸರಕು. ಗೂಡು ಕಟ್ಟುವ ಮುನ್ನ ಹುಳು ಮೂತ್ರ ವಿಸರ್ಜಿಸುತ್ತದೆ. ಅದು ಪಕ್ಕದ ಗೂಡಿನ ಮೇಲೆ ಬಿದ್ದರೆ ಗೂಡು ಕಲೆಯಾಗಿ ಅದರ ದರವೂ ಇಳಿಯುತ್ತದೆ.

ಬಿದಿರಿನ ಚಂದ್ರಿಕೆಯಲ್ಲಿ ನನಗೆ ಇದಕ್ಕಿಂತ ದೊಡ್ಡ ಆಕ್ಷೇಪ ಇರುವುದು ಬಾಡಿಗೆಯ ಪದ್ಧತಿಯ ಮೇಲೆ. ಸ್ವಂತ ಚಂದ್ರಿಕೆ ಇಲ್ಲದವರು ಬೆಳೆಗೊಮ್ಮೆ ಬಾಡಿಗೆಗೆ ತರುತ್ತಾರೆ, ಆ ಚಂದ್ರಿಕೆ ಹಿಂದಿನ ವಾರ ಯಾರ ಮನೆಯಲ್ಲಿತ್ತು, ಅಲ್ಲಿ ಹುಳುವಿಗೆ ಹಾಲುತೊಂಡೆ ರೋಗ ಬಂದಿತ್ತೇ, ಸುಣ್ಣಕಟ್ಟು ರೋಗ ಬಂದಿತ್ತೇ ಎಂದು ವಿಚಾರಿಸುವ ವ್ಯವಧಾನ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ಹಣ್ಣು ಹುಳು ಹೇಗೂ ಗೂಡು ಕಟ್ಟಿಬಿಡುತ್ತದೆ. ಮನೆಯೊಳಗೆ ಬಂದ ಸೋಂಕು ಮಾತ್ರ ಮುಂದಿನ ಬೆಳೆಯ ಹುಳುವಿಗಾಗಿ ಕಾಯುತ್ತಿರುತ್ತದೆ. ಸ್ವಂತದ್ದಾದರೆ ಬೆಳೆ ಮುಗಿದ ಕೂಡಲೇ ಉರಿದೀಪ ಹಿಡಿದು, ಅಂಟಿಕೊಂಡ ನವಿರೆಳೆಯನ್ನೆಲ್ಲ ಸುಟ್ಟು, ಬಿಸಿಲಿಗೆ ನಿಲ್ಲಿಸಬಹುದು. ಈ ಒಂದು ಅನುಕೂಲ ಉಳಿದೆರಡಕ್ಕೂ ಇಲ್ಲ.

ಪ್ಲಾಸ್ಟಿಕ್ ಚಂದ್ರಿಕೆ, ಅಂದರೆ ನೇತ್ರಿಕೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಗ್ಗ, ಹಗುರ, ಮಡಚಿಟ್ಟರೆ ಮೂಲೆಯಲ್ಲಿ ಅಡಗುತ್ತದೆ, ಕೂಲಿ ಕಡಿಮೆ. ಆದರೆ ಬೆಂಕಿ ತೋರಿಸುವಂತಿಲ್ಲ. ಎಳೆಯನ್ನು ಕೈಯಲ್ಲೇ ಕಿತ್ತು, ಶೇ. 2ರ ಬ್ಲೀಚಿಂಗ್ ಪುಡಿಯನ್ನು ಶೇ. 0.3ರ ಸುಣ್ಣದ ನೀರಿನಲ್ಲಿ ಬೆರೆಸಿದ ದ್ರಾವಣದಲ್ಲಿ ಅದ್ದಿ ಒಣಗಿಸಬೇಕು. ಮಡಿಕೆಯ ಸಂದಿನಲ್ಲಿ ಕಟ್ಟಿದ ಗೂಡಿನ ಮೇಲೆ ಪ್ಲಾಸ್ಟಿಕ್ಕಿನ ಗುರುತು ಮೂಡುವುದೂ ಉಂಟು.

ಇನ್ನು ರೋಟರಿ. ಇದು ಜಪಾನಿನ ವಿಧಾನ. 1991ರಲ್ಲಿ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ ನೆರವಿನಿಂದ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಲ್ಲಿ ದ್ವಿತಳಿ ಯೋಜನೆ ಆರಂಭವಾಯಿತು. ಸಿಎಸ್‌ಆರ್ ಎಂಬ ದ್ವಿತಳಿ ಹುಳುಗಳು ಬಂದದ್ದೂ ಆ ಕಾಲದಲ್ಲೇ. ಒಂದು ರಟ್ಟಿನ ಚೌಕಟ್ಟಿನಲ್ಲಿ 156 ಕೋಣೆ, ಒಂದು ಸೆಟ್ಟಿಗೆ ಹತ್ತು ಚೌಕಟ್ಟು, ಒಟ್ಟು 1,560 ಕೋಣೆ. ಹಣ್ಣು ಹುಳುವಿಗೆ ಮೇಲಕ್ಕೆ ಹತ್ತುವ ಸ್ವಭಾವವಿದೆ. ಹುಳುಗಳು ಹತ್ತಿ ಮೇಲ್ಭಾಗ ಭಾರವಾದಾಗ ತೂಗುಹಾಕಿದ ಸೆಟ್ಟು ತಾನಾಗಿ ತಿರುಗುತ್ತದೆ, ಹುಳುಗಳು ಮತ್ತೆ ಹತ್ತುತ್ತವೆ, ಹೀಗೆ ಹತ್ತುತ್ತಾ ಇಳಿಯುತ್ತಾ ಕೋಣೆಗೊಂದರಂತೆ ಹಂಚಿಹೋಗುತ್ತವೆ. ಅಲೆದಾಟದಲ್ಲಿಯೇ ಮೂತ್ರ ವಿಸರ್ಜಿಸಿಬಿಡುವುದರಿಂದ ಅದರ ಬಹುಪಾಲು ಕೆಳಗೆ ಹಾಸಿದ ಪತ್ರಿಕೆಯ ಮೇಲೆ ಬೀಳುತ್ತದೆ. ಒಂದು ಕೋಣೆಗೆ ಒಂದೇ ಹುಳುವಾದ್ದರಿಂದ ಜೋಡಿಗೂಡು ಅಪರೂಪ, ಗೂಡಿನ ಆಕಾರವೂ ಒಂದೇ ಸಮ. ಸ್ವಯಂಚಾಲಿತ ನೂಲು ಬಿಚ್ಚುವ ಯಂತ್ರ ಇರುವವರು ಹುಡುಕುವುದು ಇಂಥ ಲಾಟನ್ನೇ.

ತಾಪತ್ರಯ ಇರುವುದು ಹುಳು ಏರಿಸುವ ದಿನ. ರೋಟರಿ ಸರಿಯಾಗಿ ಕೆಲಸ ಮಾಡಬೇಕಾದರೆ ಒಂದು ಸೆಟ್ಟಿನ ಹುಳುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಹಣ್ಣಾಗಿರಬೇಕು. ಬಿದಿರಿನ ಚಂದ್ರಿಕೆಯಲ್ಲಿ ಹಣ್ಣಾದದ್ದನ್ನು ಆರಿಸಿ ಆರಿಸಿ ಬಿಡುತ್ತೇವೆ, ಹಿಂದುಳಿದದ್ದು ಸೊಪ್ಪು ತಿನ್ನುತ್ತಾ ಇರುತ್ತದೆ. ರೋಟರಿಯಲ್ಲಿ ಚೌಕಟ್ಟುಗಳನ್ನು ಹುಳುವಿನ ಹಾಸಿಗೆಯ ಮೇಲೆ ಮಲಗಿಸಿ, ಹುಳು ಹತ್ತಿದ ಮೇಲೆ ಎತ್ತಿ ತೂಗುಹಾಕುವುದು ರೂಢಿ. ಆಗ ಅರೆಹಣ್ಣಾದ ಹುಳುಗಳೂ ಸೇರಿಕೊಳ್ಳುತ್ತವೆ. ಅವು ಕೋಣೆ ಸೇರದೆ ಅಲೆಯುತ್ತವೆ, ಕಟ್ಟಿಕೊಂಡಿರುವ ಗೂಡುಗಳ ಮೇಲೆ ಮೂತ್ರ ಹಾಯಿಸುತ್ತವೆ, ಕೊನೆಗೆ ಕೆಳಗೆ ಬೀಳುತ್ತವೆ. ಬಿದ್ದದ್ದನ್ನು ಹೆಕ್ಕಿ ಮತ್ತೆ ಏರಿಸಬೇಕು, ಅದು ಮತ್ತೆ ಬೀಳುತ್ತದೆ.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಒಂದೇ ಬದಿಗೆ ಹುಳು ತುಂಬಿದಾಗ ಸೆಟ್ಟು ತಿರುಗುತ್ತಾ ತಿರುಗುತ್ತಾ ಪಕ್ಕದ ಸೆಟ್ಟಿಗೋ ಗೋಡೆಗೋ ತಗುಲಿ ನಿಂತುಬಿಡುತ್ತದೆ. ನಿಂತರೆ ಮೇಲಿನ ಸಾಲುಗಳಲ್ಲಿ ಗುಂಪು, ಕೆಳಗಿನ ಕೋಣೆಗಳು ಖಾಲಿ. ಆದ್ದರಿಂದ ಮೊದಲ ರಾತ್ರಿ ಮನೆಯಲ್ಲೊಬ್ಬರು ಎದ್ದಿದ್ದು ಸೆಟ್ಟುಗಳನ್ನು ಕೈಯಿಂದ ತಳ್ಳುತ್ತಿರಬೇಕಾಗುತ್ತದೆ. 100 ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೆ ಒಂದು ಮೊಟ್ಟೆ ಎಂದೇ ಲೆಕ್ಕ) ಸಾಕಿದರೆ ನಲವತ್ತು ಸಾವಿರದಷ್ಟು ಹುಳು. ಅದಕ್ಕೆ ಮೂವತ್ತರಷ್ಟು ಸೆಟ್ಟು ಬೇಕು. ಕೂಲಿ ಉಳಿಸುವ ಸಾಧನ ಎಂದು ಇದನ್ನು ಹೊಗಳುವವರು ಈ ರಾತ್ರಿಪಾಳಿಯನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತಾರೋ ತಿಳಿಯದು.

ಇದಕ್ಕೆ ನಾವು ಕಂಡುಕೊಂಡ ಪರಿಹಾರ ಎರಡು. ಒಂದು, ಮೈಸೂರಿನ ಅದೇ ಸಂಸ್ಥೆ ರೂಪಿಸಿದ ‘ಸಂಪೂರ್ಣ’ ಎಂಬ ಸಸ್ಯಜನ್ಯ ದ್ರಾವಣ. ಅಲ್ಲೊಂದು ಇಲ್ಲೊಂದು ಹುಳು ಹಣ್ಣಾಗತೊಡಗಿದಾಗ ಸೊಪ್ಪಿಗೆ ಸಿಂಪಡಿಸಿ ತಿನ್ನಿಸಿದರೆ ಉಳಿದವು ಬಹುಮಟ್ಟಿಗೆ ಒಟ್ಟಿಗೆ ಹಣ್ಣಾಗುತ್ತವೆ. ಹೊತ್ತಿಗೆ ಮುಂಚೆಯೇ ಕೊಟ್ಟರೆ ಹುಳು ಮೇವು ಬಿಟ್ಟು ಗೂಡಿನ ತೂಕ ತಗ್ಗೀತು, ಅಷ್ಟು ಎಚ್ಚರ ಬೇಕು. ಇನ್ನೊಂದು, ಹಿಂದುಳಿದ ಹುಳುಗಳನ್ನು ರೋಟರಿಗೆ ಏರಿಸುವ ಗೋಜಿಗೇ ಹೋಗದೆ ಹಳೆಯ ಬಿದಿರಿನ ಚಂದ್ರಿಕೆಗೆ ಬಿಡುವುದು. ಹೀಗಾಗಿ ಸ್ವಂತದ ಕೆಲವು ಚಂದ್ರಿಕೆಗಳನ್ನು ಈಗಲೂ ಇಟ್ಟುಕೊಂಡಿದ್ದೇವೆ.

ಗೂಡು ಬಿಡಿಸಲು ಮರದ ಗೂಟಗಳ ಹಲಗೆ ಬೇಕು. ಸೆಟ್ಟಿನ ಜೊತೆಯಲ್ಲೇ ಕೊಳ್ಳಿರಿ.

ಮಳೆಗಾಲದ ಒಂದು ಮಾತು ಮೂರಕ್ಕೂ ಅನ್ವಯಿಸುತ್ತದೆ. ಗೂಡು ಕಟ್ಟುವಾಗ 24–25 ಡಿಗ್ರಿ ಉಷ್ಣತೆ, ಶೇ. 60–70 ತೇವಾಂಶ ಇರಬೇಕು. ಥಂಡಿಗೂ ಹುಳುವನ್ನು ಕಾಡುವ ಊಜಿ ನೊಣಕ್ಕೂ ಹೆದರಿ ಕಿಟಕಿ ಮುಚ್ಚಿಟ್ಟರೆ ಎಳೆಯ ಅಂಟು ಬೇಗ ಒಣಗದೆ ಗಟ್ಟಿಯಾಗಿ ಕೂತು, ನೂಲು ಬಿಚ್ಚುವಾಗ ಎಳೆ ಮತ್ತೆ ಮತ್ತೆ ತುಂಡಾಗುತ್ತದೆ. ಕಿಟಕಿಗೆ ನೈಲಾನ್ ಪರದೆ ಕಟ್ಟಿ ತೆರೆದಿಡುವುದೇ ಸರಿ. ರಟ್ಟಿನ ಚೌಕಟ್ಟು ತೇವ ಹೀರಿ ಸೊಟ್ಟಗಾಗುತ್ತದೆ, ಬಿದಿರಿನಂತೆ ಸುಡಲು ಆಗದು, ನೇತ್ರಿಕೆಯಂತೆ ತೊಳೆಯಲೂ ಆಗದು. ಮೋಡದ ದಿನಗಳಲ್ಲಿ ಅದನ್ನು ಒಣಗಿಸಿ ಇಡುವುದೇ ಒಂದು ಕೆಲಸ. ಕೆಲವು ಬೆಳೆಗಳಾದ ಮೇಲೆ ರಟ್ಟನ್ನು ಬದಲಿಸಲೇಬೇಕಾಗುತ್ತದೆ, ಹೊರಗಿನ ಚೌಕಟ್ಟು ಬಹುಕಾಲ ಬಾಳುತ್ತದೆ.

ನಮ್ಮದು ಮನೆಮಂದಿಯೇ ದುಡಿಯುವ ಬೇಸಾಯ, ಬೆಳೆ ದ್ವಿತಳಿ, ಮಾರಾಟ ರಾಮನಗರದಲ್ಲಿ. ಅಲ್ಲಿನ ಹರಾಜಿನಲ್ಲಿ ರೋಟರಿಯ ಲಾಟಿಗೂ ಬಿದಿರಿನ ಲಾಟಿಗೂ ಸಿಕ್ಕ ದರದ ಅಂತರವೇ ನನ್ನನ್ನು ರೋಟರಿಯ ಕಡೆ ಉಳಿಸಿದೆ. ಒಮ್ಮೆಗೇ ಎಲ್ಲ ಸೆಟ್ಟು ಕೊಳ್ಳುವ ಶಕ್ತಿ ಇಲ್ಲದಿದ್ದರೆ, ಅರ್ಧ ಬೆಳೆಗಾಗುವಷ್ಟು ಕೊಂಡು ಉಳಿದದ್ದನ್ನು ಬಿದಿರಿಗೆ ಬಿಟ್ಟು, ಎರಡು ಲಾಟನ್ನೂ ಬೇರೆಬೇರೆಯಾಗಿ ಮಾರಿ ನೋಡಬಹುದು. ಕಲಸಿ ಒಂದೇ ಲಾಟು ಮಾಡಿದರೆ ರೋಟರಿಗೆ ಹಾಕಿದ ಹಣದ ಪ್ರಯೋಜನ ಕಾಣುವುದಿಲ್ಲ. ಮಿಶ್ರತಳಿ ಬೆಳೆದು ಚರಕದಲ್ಲಿ ನೂಲು ಬಿಚ್ಚುವವರಿಗೇ ಮಾರುವವರಿಗೆ ರೋಟರಿಯ ಖರ್ಚು ಬೇಡ. ಆ ಹಣದಲ್ಲಿ ಬಾಡಿಗೆಯ ಚಂದ್ರಿಕೆ ಬಿಟ್ಟು ಸ್ವಂತದ್ದನ್ನು ಮಾಡಿಸಿಕೊಳ್ಳಲಿ, ಜೊತೆಗೊಂದು ಉರಿದೀಪ ಇರಲಿ.