ರೇಸ್ ಚಾಲಕನ ‘ಅಭಿಮಾನಿ ಪಾಲುಪತ್ರ’ ಕೊಳ್ಳುವ ಮುನ್ನ ಇದನ್ನು ಓದಿ

ನಮ್ಮ ಜಿಲ್ಲೆಯ ಹುಡುಗನೊಬ್ಬನನ್ನು ಯುರೋಪಿನ ಕಾರ್ ರೇಸಿಗೆ ಕಳಿಸುತ್ತೇವೆ ಎಂದು ಹೇಳಿಕೊಂಡು, ಅವನ ಮುಂದಿನ ಗಳಿಕೆಯಲ್ಲಿ ಪಾಲು ಸಿಗುತ್ತದೆಂಬ ತಲಾ 25,000 ರೂಪಾಯಿಯ ‘ಅಭಿಮಾನಿ ಪಾಲುಪತ್ರ’ ಮಾರುವವರು ಕುಮಟಾ, ಅಂಕೋಲಾ, ಕಾರವಾರದ ಕಡೆ ಈಗಲೂ ಓಡಾಡುತ್ತಿದ್ದಾರೆಂದು ಕಳೆದ ವಾರ ತಿಳಿಯಿತು. ಒಂದೂವರೆ ವರ್ಷದ ಹಿಂದೆ ಶಿರಸಿಯಲ್ಲಿ ಅದೇ ಪತ್ರವನ್ನು ನಾನು ಮೂರು ಕೊಂಡೆ. ಅಷ್ಟಕ್ಕೇ ನಿಲ್ಲದೆ, ರೇಸಿಂಗ್ ಹುಚ್ಚಿರುವ ಮತ್ತು ಇಲ್ಲದಿರುವ ಹನ್ನೊಂದು ಜನರಿಂದಲೂ ಕೊಳ್ಳಿಸಿದೆ. ಹನ್ನೆರಡು ಮಂದಿಯಿಂದ ಹದಿನಾರು ಪತ್ರ, ಒಟ್ಟು ನಾಲ್ಕು ಲಕ್ಷ ರೂಪಾಯಿ. ಅದರಲ್ಲಿ ಒಂದು ರೂಪಾಯಿಯೂ ಮರಳಿ ಬಂದಿಲ್ಲ. ಪೊಲೀಸರಲ್ಲಿ ದೂರು ಕೊಟ್ಟಾಗಿದೆ. ಆದ್ದರಿಂದ ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಆದರೆ ನಡೆದದ್ದು ಹೇಗೆ ಎಂಬುದನ್ನು ಪೂರ್ತಿಯಾಗಿ ಬರೆಯುತ್ತೇನೆ, ಏಕೆಂದರೆ ನಮ್ಮನ್ನು ಬೀಳಿಸಿದ್ದು ದೊಡ್ಡ ಸುಳ್ಳಲ್ಲ, ಬಹುಪಾಲು ನಿಜವೇ ಆಗಿದ್ದ ಒಂದು ಕತೆ.

ಕಾರ್ ರೇಸಿಂಗ್‌ನ ತುತ್ತತುದಿಯ ಮೆಟ್ಟಿಲಾದ ಫಾರ್ಮುಲಾ ಒನ್ ಅನ್ನು ನಾನು ನೋಡತೊಡಗಿದ್ದು 2005ರಲ್ಲಿ, ನಾರಾಯಣ್ ಕಾರ್ತಿಕೇಯನ್ ಜೋರ್ಡನ್ ತಂಡದ ಕಾರು ಹತ್ತಿದ ವರ್ಷ. ಆ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಮಿಶೆಲಿನ್ ಟೈರಿನ ಕಾರುಗಳೆಲ್ಲ ಹಿಂದೆ ಸರಿದು ಆರೇ ಕಾರು ಓಡಿದಾಗ ಆತ ನಾಲ್ಕನೆಯವನಾಗಿ ಬಂದದ್ದನ್ನು ನಾವು ಗೆಳೆಯರು ವಿಶ್ವಕಪ್ ಗೆದ್ದಷ್ಟೇ ಸಂಭ್ರಮದಿಂದ ಹೇಳಿಕೊಂಡು ತಿರುಗಿದ್ದೆವು. ಆಮೇಲೆ 2010ರಲ್ಲಿ ಕರುಣ್ ಚಂದೋಕ್ ಬಂದ. 2011ರಿಂದ ಮೂರು ವರ್ಷ ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್‌ನಲ್ಲಿ ರೇಸೇ ನಡೆಯಿತು. ಅಲ್ಲಿಗೆ ಮುಗಿಯಿತು. ಫಾರ್ಮುಲಾ ಒನ್ ರೇಸಿನಲ್ಲಿ ಓಡಿದ ಭಾರತೀಯರು ಇಂದಿಗೂ ಆ ಇಬ್ಬರೇ. ಮೂರನೆಯವನು ನಮ್ಮ ಕಡೆಯವನೇ ಆಗಲಿ ಎಂಬ ಆಸೆ ಇರುವವನಿಗೆ ಏನನ್ನು ಮಾರುವುದೂ ಸುಲಭ.

ಹುಡುಗ ನಿಜವಾದವನು. ಕರಾವಳಿಯ ಮನೆತನ, ಬೆಂಗಳೂರಿನಲ್ಲಿ ಬೆಳೆದು ಕಾರ್ಟಿಂಗ್, ಅಂದರೆ ಪುಟ್ಟ ಕಾರುಗಳ ರೇಸ್, ಮಾಡಿದವನು. ಅವನ ಓಟವನ್ನು ನಾನೇ ಒಮ್ಮೆ ಕಣ್ಣಾರೆ ನೋಡಿದ್ದೆ. ನಮ್ಮ ಬಳಿ ಬಂದವರು ಅವನಲ್ಲ, ಅವನ ವ್ಯವಸ್ಥಾಪಕರೆಂದು ಹೇಳಿಕೊಂಡ ಒಬ್ಬರು. ಚಾಲಿ ಅಡಿಕೆ ಮಾರಿದ ಹಣ ಸೊಸೈಟಿಯಿಂದ ಕೈಗೆ ಬಂದ ವಾರವೇ ಅವರು ಮನೆಗೆ ಬಂದದ್ದು ಕಾಕತಾಳೀಯವೆಂದು ಆಗ ಅಂದುಕೊಂಡೆ. ಅಡಿಕೆ ಸೀಮೆಯಲ್ಲಿ ಯಾರ ಕೈಯಲ್ಲಿ ಯಾವಾಗ ದುಡ್ಡಿರುತ್ತದೆ ಎಂಬುದು ಗುಟ್ಟೇನೂ ಅಲ್ಲವಲ್ಲ.

ಜಗಲಿಯ ಮೇಲೆ ಕುಳಿತು ಅವರು ಹೇಳಿದ್ದು ಜಸ್ಟಿನ್ ವಿಲ್ಸನ್ ಕತೆ. ಇಂಗ್ಲೆಂಡಿನ ಈ ಚಾಲಕ 2001ರಲ್ಲಿ, ಆಗ ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿದ್ದ ಫಾರ್ಮುಲಾ 3000ದ ಚಾಂಪಿಯನ್ ಆದರೂ, ಫಾರ್ಮುಲಾ ಒನ್‌ಗೆ ಹೋಗಲು ಮಿನಾರ್ಡಿ ತಂಡಕ್ಕೆ ತರಬೇಕಾದ ಹಣ ಅವನಲ್ಲಿರಲಿಲ್ಲ. 2003ರಲ್ಲಿ ಅವನ ಹೆಸರಿನಲ್ಲೇ ಒಂದು ಸಾರ್ವಜನಿಕ ಕಂಪನಿ ಮಾಡಿ, ಕನಿಷ್ಠ 500 ಪೌಂಡಿನಂತೆ ಅಭಿಮಾನಿಗಳಿಗೆ ಷೇರು ಮಾರಿ, ಹತ್ತು ಲಕ್ಷ ಪೌಂಡಿಗೂ ಮೀರಿ ಕೂಡಿಸಿದರು. ಅವನು ಮಿನಾರ್ಡಿಯಲ್ಲಿ ಓಡಿದ. ಆ ವರ್ಷದ ನಡುವೆಯೇ ಜಾಗ್ವಾರ್ ತಂಡಕ್ಕೆ ಏರಿದ. ಇದೆಲ್ಲ ಸತ್ಯ, ಮತ್ತು ನನಗೆ ಮೊದಲೇ ಗೊತ್ತಿದ್ದ ಸತ್ಯ. ಗೊತ್ತಿದ್ದ ಕತೆಯನ್ನೇ ಎದುರಿನವರು ತಪ್ಪಿಲ್ಲದೆ ಹೇಳಿದಾಗ, ಅದರ ಬೆನ್ನಿಗೆ ಅವರು ತೆಗೆದಿಟ್ಟ ಕಾಗದವೂ ಅಷ್ಟೇ ಸಾಚಾ ಎಂದು ನನ್ನ ಮನಸ್ಸು ತೀರ್ಮಾನಿಸಿಬಿಟ್ಟಿತು.

ಅವರು ಹೇಳದೆ ಬಿಟ್ಟದ್ದನ್ನು ನಾನೇ ನೆನಪಿಸಿಕೊಳ್ಳಬೇಕಿತ್ತು. ವಿಲ್ಸನ್‌ಗೆ ಹಣ ಹಾಕಿದವರು ಕಾನೂನಿನ ಚೌಕಟ್ಟಿನೊಳಗೆ ನೋಂದಾಯಿತವಾದ ಕಂಪನಿಯ ಷೇರು ಕೊಂಡಿದ್ದರು. ಅಷ್ಟಾದರೂ ಮರುವರ್ಷವೇ ಅವನಿಗೆ ಫಾರ್ಮುಲಾ ಒನ್‌ನಲ್ಲಿ ಜಾಗವಿರಲಿಲ್ಲ. ಅಮೆರಿಕದ ರೇಸುಗಳಿಗೆ ಹೋದ. ನೆಟ್ಟಗೆ ನಡೆದ ವ್ಯವಹಾರದಲ್ಲೇ ಹೀಗಾದರೆ, ನಮ್ಮದರಲ್ಲಿ ಕಂಪನಿಯೇ ಇರಲಿಲ್ಲ. ಬಂಗಾರದ ಬಣ್ಣದ ಅಂಚಿರುವ ಒಂದು ಪಿಡಿಎಫ್ ಇತ್ತು. ಮೇಲೆ ದಪ್ಪ ಕನ್ನಡದಲ್ಲಿ ‘ಪಾಲುಪತ್ರ’, ಹುಡುಗನ ಹೆಲ್ಮೆಟ್‌ನ ಚಿತ್ರ, ಕ್ರಮಸಂಖ್ಯೆ. ಕೆಳಗೆ, ಮೊಬೈಲಿನಲ್ಲಿ ಎರಡು ಬೆರಳಿಂದ ಹಿಗ್ಗಿಸಿದರೆ ಮಾತ್ರ ಕಾಣುವ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಾಲು. ಈ ಮೊತ್ತವು ಸ್ವಇಚ್ಛೆಯ ಕೊಡುಗೆಯಾಗಿದ್ದು ಮರಳಿಸಲಾಗುವುದಿಲ್ಲ, ಇದರಿಂದ ಯಾವ ಹಕ್ಕೂ ಹುಟ್ಟುವುದಿಲ್ಲ ಎಂಬುದು ಅದರ ಅರ್ಥ. ಬಾಯಲ್ಲಿ ಪಾಲು, ಕಾಗದದಲ್ಲಿ ದಾನ. ವಕೀಲರು ಮೊದಲು ಬೆರಳಿಟ್ಟು ತೋರಿಸಿದ್ದು ಆ ಸಾಲನ್ನೇ.

ಪಾಲು ಯಾವುದರಲ್ಲಿ ಎಂದು ಕೇಳಿದವರೂ ನಮ್ಮಲ್ಲಿ ಇರಲಿಲ್ಲ. ‘ಮುಂದಿನ ಗಳಿಕೆಯಲ್ಲಿ’ ಎಂದಿದ್ದರು. ಆದರೆ ರೇಸಿಂಗ್‌ನ ಕೆಳಗಿನ ಮೆಟ್ಟಿಲುಗಳಲ್ಲಿ ಚಾಲಕನಿಗೆ ಗಳಿಕೆ ಎಂಬುದೇ ಇಲ್ಲವೆಂದರೂ ನಡೆಯುತ್ತದೆ. ತಂಡದಲ್ಲಿ ಕೂರಲು ಅವನೇ ಹಣ ಕೊಡುತ್ತಾನೆ. ಎಂಜಿನ್ನಿನ ಬಾಡಿಗೆ, ಟೈರು, ಪ್ರವೇಶ ಶುಲ್ಕ, ಮೆಕ್ಯಾನಿಕ್‌ಗಳ ಸಂಬಳ, ಅಭ್ಯಾಸದ ದಿನಗಳು ಎಲ್ಲವೂ ಅವನ ಲೆಕ್ಕಕ್ಕೆ. ಕಾರು ಗೋಡೆಗೆ ಬಡಿದರೆ ಆ ರಿಪೇರಿಯ ಬಿಲ್ಲು ಸಾಮಾನ್ಯವಾಗಿ ಬೇರೆಯೇ ಬರುತ್ತದೆ. ಕಾರ್ಟಿಂಗ್ ದಾಟಿದವರ ಮೊದಲ ಮೆಟ್ಟಿಲಾದ ಫಾರ್ಮುಲಾ 4ರಲ್ಲಿ ಹತ್ತು ರೇಸು ಗೆದ್ದವನೂ ಸಾಲದಲ್ಲೇ ಇರಬಹುದು. ಅವನ ಗಳಿಕೆಯಲ್ಲಿ ಪಾಲೆಂದರೆ ಸೊನ್ನೆಯಲ್ಲಿ ಪಾಲು.

ಇನ್ನೊಂದು ಲೆಕ್ಕವೂ ಕಣ್ಣೆದುರೇ ಇತ್ತು. ಒಟ್ಟು ನೂರೇ ಪತ್ರ ಮಾರುತ್ತೇವೆ ಎಂದಿದ್ದರು. ತಲಾ 25,000ದಂತೆ ನೂರಕ್ಕೆ 25 ಲಕ್ಷ. ಯುರೋಪಿನ ಫಾರ್ಮುಲಾ 4ರಲ್ಲಿ ಒಳ್ಳೆಯ ತಂಡದೊಂದಿಗೆ ಒಂದು ವರ್ಷ ಓಡಲು ಬೇಕಾಗುವುದು ಕೋಟಿಗಳಲ್ಲಿ. ಉಳಿದದ್ದಕ್ಕೆ ಪ್ರಾಯೋಜಕರು ಸಿದ್ಧರಿದ್ದಾರೆ, ಅಭಿಮಾನಿಗಳ ಬೆಂಬಲ ಕಂಡರೆ ಸಹಿ ಹಾಕುತ್ತಾರೆ ಎಂದರು. ಕೋಟಿ ಕೊಡುವವನು ನಮ್ಮ ಇಪ್ಪತ್ತೈದು ಸಾವಿರಕ್ಕಾಗಿ ಕಾಯುತ್ತಾನೆಯೇ ಎಂದು ನನ್ನ ಹೆಂಡತಿ ಒಳಗಿನಿಂದ ಕೇಳಿದ್ದು ನಿಜ. ನಾನು ಉತ್ತರಿಸಲಿಲ್ಲ.

ಮೂರು ವರ್ಷದಲ್ಲಿ ಫಾರ್ಮುಲಾ ಒನ್ ಎಂಬ ಮಾತೂ ಬಂದಿತ್ತು. ಫಾರ್ಮುಲಾ ಒನ್‌ಗೆ ಬೇಕಾದ ಸೂಪರ್ ಲೈಸೆನ್ಸ್ ಪಡೆಯಲು ಮೂರು ಋತುಗಳಲ್ಲಿ 40 ಅಂಕ ಕೂಡಿಸಬೇಕು. ಫಾರ್ಮುಲಾ 4ರ ಚಾಂಪಿಯನ್‌ಗೇ ಸಿಗುವುದು 12. ಫಾರ್ಮುಲಾ 3ರ ಚಾಂಪಿಯನ್‌ಗೆ 30, ಫಾರ್ಮುಲಾ 2ರಲ್ಲಿ ಗೆದ್ದರೆ 40. ಬೆಂಗಳೂರಿನ ಕುಶ್ ಮೈನಿ ಫಾರ್ಮುಲಾ 2ರವರೆಗೆ ಏರಿ, 2025ರಲ್ಲಿ ಮೊನಾಕೊದಲ್ಲಿ ಸ್ಪ್ರಿಂಟ್ ಎಂಬ ಕಿರು ರೇಸ್ ಗೆದ್ದರೂ, ಅಲ್ಲಿಂದ ಮುಂದಿನ ಒಂದು ಮೆಟ್ಟಿಲು ಎಷ್ಟು ಎತ್ತರವೆಂಬುದು ಈ ಆಟ ನೋಡುವ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು.

ಹಣ ಹೋದದ್ದು ಯುಪಿಐ ಮೂಲಕ, ಆ ವ್ಯವಸ್ಥಾಪಕರ ಸ್ವಂತ ಖಾತೆಗೆ. ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ ಎಂದಿದ್ದರು. ಆ ವಿನಾಯಿತಿ ಇರುವುದು ಅದಕ್ಕೆಂದೇ ನೋಂದಣಿ ಪಡೆದ ಸಂಸ್ಥೆಗಳಿಗೆ ಕೊಟ್ಟ ದೇಣಿಗೆಗೆ ಮಾತ್ರ, ವ್ಯಕ್ತಿಗೆ ಕೊಟ್ಟದ್ದಕ್ಕಲ್ಲ. ಇನ್ನು ನಿಜವಾಗಿಯೇ ಷೇರು ಎನ್ನುವುದಾದರೆ, ನಮ್ಮ ದೇಶದಲ್ಲಿ ಖಾಸಗಿ ಕಂಪನಿ ಹೀಗೆ ಊರೂರು ತಿರುಗಿ, ವಾಟ್ಸಾಪಿನಲ್ಲಿ ಹಂಚಿ, ಸಾರ್ವಜನಿಕರಿಗೆ ಷೇರು ಮಾರುವಂತಿಲ್ಲ. ಅಂದರೆ ಅದು ಷೇರಾಗಿದ್ದರೆ ಕಾನೂನುಬಾಹಿರ, ಅಲ್ಲದಿದ್ದರೆ ಬರೀ ದಾನ. ಮೂರನೆಯ ಸಾಧ್ಯತೆ ಇರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಫೋಟೊ ಬಂತು: ಕಾರಿನ ಮೂತಿಯ ಮೇಲೆ ನಮ್ಮ ಹನ್ನೆರಡೂ ಹೆಸರು. ಮಳೆಯಲ್ಲಿ ತೆಗೆದ ಚಿತ್ರ, ಬಣ್ಣದ ಮೇಲೆಲ್ಲ ನೀರಿನ ಹನಿ. ಅದನ್ನು ನಾನು ಹೆಮ್ಮೆಯಿಂದ ಹತ್ತು ಕಡೆ ಕಳಿಸಿದೆ. ಕಾರವಾರದ ಕಾಲೇಜಿನಲ್ಲಿ ಓದುವ ನನ್ನ ಅಕ್ಕನ ಮಗ ಅದನ್ನು ನೋಡಿ, ‘ಮಾವಾ, ಹನಿ ಕಾರಿನ ಮೇಲೆ ಇದ್ದು, ಅಕ್ಷರದ ಮೇಲೆ ಎಂತಕ್ಕೆ ಇಲ್ಲೆ?’ ಎಂದು ಕೇಳಿದ. ಹಿಗ್ಗಿಸಿ ನೋಡಿದೆ. ಒಂದು ದೊಡ್ಡ ಹನಿ ನನ್ನ ಹೆಸರಿನ ಮೊದಲ ಅಕ್ಷರದ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ಅರ್ಧಕ್ಕೆ ನಿಂತಿತ್ತು. ಮೂತಿ ಬಾಗಿದ್ದಲ್ಲಿಯೂ ಹೆಸರುಗಳು ಬಾಗದೆ, ಅಡ್ಡಗೆರೆಯ ಪಟ್ಟಿಯಲ್ಲಿ ಬರೆದಂತೆ ನೆಟ್ಟಗಿದ್ದವು.

ಆಗ ಮೊದಲ ಬಾರಿಗೆ, ಹುಡುಗ ಓಡಬೇಕಿದ್ದ ಫಾರ್ಮುಲಾ 4 ಸರಣಿಯ ಅಧಿಕೃತ ಚಾಲಕರ ಪಟ್ಟಿಯನ್ನು ತೆರೆದು ನೋಡಿದೆ. ಪ್ರತಿ ಸುತ್ತಿಗೂ ಮುನ್ನ ಅದು ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ. ಹುಡುಗನ ಹೆಸರು ಅದರಲ್ಲಿ ಇರಲಿಲ್ಲ. ಕೇಳಿದ್ದಕ್ಕೆ ಮೊದಲು ವೀಸಾ ತಡ ಎಂದರು, ಆಮೇಲೆ ಮಣಿಕಟ್ಟಿನ ನೋವು, ಆಮೇಲೆ ಪ್ರಾಯೋಜಕರ ಸಹಿ, ಕೊನೆಗೆ ಫೋನೇ ಎತ್ತಲಿಲ್ಲ. ಹುಡುಗನ ತಂದೆಯನ್ನು ಹುಡುಕಿಕೊಂಡು ಹೋದಾಗ ತಿಳಿದದ್ದು ಇಷ್ಟು: ಎರಡು ದಿನದ ಅಭ್ಯಾಸಕ್ಕೆ ಒಂದಿಷ್ಟು ಹಣ ಕೊಟ್ಟದ್ದು ಬಿಟ್ಟರೆ ಅವರಿಗೂ ಏನೂ ಸಿಕ್ಕಿಲ್ಲ, ಆ ವ್ಯಕ್ತಿಯ ಸಂಬಂಧ ಕಡಿದು ನಾಲ್ಕು ತಿಂಗಳಾಗಿದೆ, ಪಾಲುಪತ್ರದ ವಿಷಯ ಕೇಳಿಯೇ ಗೊತ್ತಿಲ್ಲ. ಹುಡುಗ ನನ್ನ ಮುಖ ನೋಡದೆ ಒಳಗೆ ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಹೆಸರನ್ನೂ ನಮ್ಮ ಹಣದಂತೆಯೇ ಬಳಸಿಕೊಂಡಿದ್ದರು.

ಇಷ್ಟಾದರೂ ಚಾಲಕರಿಗೆ ಅಭಿಮಾನಿಗಳು ಹಣ ಕೊಡಲೇಬಾರದು ಎಂದು ನಾನು ಹೇಳುವುದಿಲ್ಲ. ಸಿರಿವಂತರ ಮಕ್ಕಳ ಆಟದಲ್ಲಿ ಉಳಿದವರಿಗೆ ಬೇರೆ ದಾರಿ ಕಡಿಮೆ. 2014ರ ನವೆಂಬರ್‌ನಲ್ಲಿ ದಿವಾಳಿಯಾಗಿದ್ದ ಕೇಟರ್‌ಹ್ಯಾಮ್ ತಂಡಕ್ಕಾಗಿ ಅಭಿಮಾನಿಗಳು ಆನ್‌ಲೈನ್‌ನಲ್ಲಿ ಹಣ ಕೂಡಿಸಿದರು; ತಂಡ ಅಬುಧಾಬಿಯ ಕೊನೆಯ ರೇಸಿನಲ್ಲಿ ಓಡಿ, ಆಮೇಲೆ ಮುಚ್ಚಿಹೋಯಿತು. ಅಲ್ಲಿ ಯಾರಿಗೂ ಪಾಲಿನ ಆಸೆ ತೋರಿಸಿರಲಿಲ್ಲ. ನಮ್ಮಲ್ಲಿ ಕಲಾವಿದರ ಸಹಾಯಾರ್ಥ ಯಕ್ಷಗಾನ ಇಟ್ಟು, ರಂಗಸ್ಥಳದಲ್ಲೇ ಎಲ್ಲರೆದುರು ಹಮ್ಮಿಣಿ ಅರ್ಪಿಸುತ್ತೇವಲ್ಲ, ಅದೇ ಬಗೆ. ಅವರ ಮುಂದಿನ ವರ್ಷದ ಸಂಬಳದಲ್ಲಿ ನಮಗೆ ಪಾಲಿದೆಯೆಂದು ಯಾವ ಭಾಗವತರನ್ನೂ ಯಾರೂ ಕೇಳಿಲ್ಲ.

ಹಾಗೆ ಕೊಡುವ ಮನಸ್ಸಿದ್ದರೂ ಕೊಡುವ ಮುನ್ನ ಒಂದು ಸಂಜೆ ವಿಚಾರಣೆಗೆ ಇಡಿ. ಭಾರತದ ಚಾಲಕನಿಗೆ ಸ್ಪರ್ಧಾ ಲೈಸೆನ್ಸ್ ಕೊಡುವುದು ಚೆನ್ನೈಯ ಎಫ್‌ಎಂಎಸ್‌ಸಿಐ ಎಂಬ ಮೋಟಾರು ಕ್ರೀಡಾ ಒಕ್ಕೂಟ. ಆ ವರ್ಷದ ಲೈಸೆನ್ಸಿನ ಪ್ರತಿ ಕೇಳಿ. ಯಾವ ತಂಡ ಎಂದು ಕೇಳಿ, ಆ ತಂಡದ ಇ-ಮೇಲ್ ವಿಳಾಸವನ್ನು ನೀವೇ ಹುಡುಕಿ, ಈ ಚಾಲಕನ ಜೊತೆ ಒಪ್ಪಂದವಿದೆಯೇ ಎಂದು ನೇರವಾಗಿ ಬರೆಯಿರಿ. ನಾನು ಬರೆದಾಗ ಎರಡೇ ದಿನದಲ್ಲಿ ಇಲ್ಲವೆಂಬ ಉತ್ತರ ಬಂತು, ಆದರೆ ಹಣ ಹೋಗಿ ಐದು ತಿಂಗಳಾಗಿತ್ತು. ಚಾಲಕ ಮತ್ತು ಅವನ ಮನೆಯವರ ಜೊತೆ ಮಾತಾಡದೆ ಮಧ್ಯದವರ ಖಾತೆಗೆ ಹಾಕಬೇಡಿ. ಹಾಕಿ ಮೋಸವೆಂದು ತಿಳಿದರೆ, ನನ್ನ ಹಾಗೆ ಮರ್ಯಾದೆಗೆ ಅಂಜಿ ವಾರಗಟ್ಟಲೆ ಕೂರದೆ, ತಿಳಿದ ಗಂಟೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ; ಹಣ ಖಾತೆಯಿಂದ ಖಾತೆಗೆ ದಾಟುವ ಮುನ್ನ ತಡೆಹಿಡಿಯುವ ಅವಕಾಶ ಆಗ ಮಾತ್ರ ಇರುತ್ತದೆ.

ನನ್ನ ಮಾತು ನಂಬಿ ಕೊಟ್ಟವರಲ್ಲಿ ಪಕ್ಕದ ಮನೆಯ ಹಿರಿಯರೂ ಒಬ್ಬರು. ರೇಸ್ ಎಂದರೆ ಏನೆಂದೇ ಅವರಿಗೆ ಗೊತ್ತಿಲ್ಲ. ಈ ವರ್ಷದ ಅಡಿಕೆ ಮಾರಿ ಮೊದಲು ಅವರ ಹಣ ಮುಟ್ಟಿಸಿದೆ. ಇನ್ನೂ ಮೂವರಿಗೆ ಕೊಡುವುದಿದೆ.

ದೂರಿಗೆಂದು ಎಲ್ಲರ ಪತ್ರಗಳನ್ನು ಒಂದೆಡೆ ಹರವಿದಾಗ ನನ್ನದೊಂದರ ಕ್ರಮಸಂಖ್ಯೆ 0041, ಕುಮಟಾದ ಗೆಳೆಯನದೂ 0041 ಎಂಬುದು ಕಂಡಿತು. ನೂರೇ ಪತ್ರ ಎಂದವರು ಎಷ್ಟು ನೂರು ಮಾರಿದ್ದಾರೋ. ಬಂಗಾರದ ಅಂಚಿನ ಆ ಪಿಡಿಎಫ್ ನಿಮ್ಮ ಮೊಬೈಲಿನಲ್ಲೂ ಇದ್ದರೆ ಅಳಿಸಬೇಡಿ. ಕ್ರಮಸಂಖ್ಯೆ, ಹಣ ಹಾಕಿದ ದಿನಾಂಕ, ಯುಪಿಐ ರಸೀದಿ ಮೂರನ್ನೂ ತೆಗೆದಿಟ್ಟುಕೊಂಡು ನಿಮ್ಮ ಠಾಣೆಯಲ್ಲಿ ದೂರು ಕೊಡಿ, ಶಿರಸಿಯಲ್ಲಿ ಈಗಾಗಲೇ ಒಂದು ದೂರಿದೆ ಎಂಬುದನ್ನೂ ಅದರಲ್ಲಿ ಬರೆಯಿಸಿ.